ಹಣ್ಣಾಗೂ ಹೊತ್ತಿಗೆ ಕೈ ತಪ್ಪಿದ ದ್ರಾಕ್ಷಿ

ದ್ರಾಕ್ಷಿ ನಂಬಿ ಕುಂತವರ ಹಣೇಬರಹ ಹಿಂಗ ನೋಡ್ರಿ: ಹೂವಿದ್ದಾಗ ಏನೂ ಆಗೂದಿಲ್ಲ, ಕಾಯಿದ್ದಾಗ ಏನೂ ಆಗೂದಿಲ್ಲ, ಹಣ್ಣಾಗಿ ಇನ್ನೇನು ಕೈಗೆ ಬಂತು ಅನ್ನೂವಾಗ ಏನರ ಒಂದು ಆಗೇ ಆಗ್ತೈತಿ. ಒಂದ ಸಲ ಆಗಿದ್ರ ಗ್ರಹಚಾರ ಅಂದು ಬಿಡಬಹುದಿತ್ತು. ನಮಗ ಪ್ರತಿ ಹಂಗಾಮಿಗೂ ಆತು. ಕೇಳಿದವರೆಲ್ಲಾ ಹೊಟ್ಟಿ ಹಿಡ್ಕೊಂಡು ನಗ್ತಾರ. ನಾನೂ ನಗ್ತೇನಿ. 

ನಾನಿರೂದು ಹುಬ್ಬಳ್ಳಿ ಬೈರಿದೇವರಕೊಪ್ಪದಾಗ. ಕೆಲಸ ಧಾರವಾಡದ ಒಂದು ಲ್ಯಾಬಿನ್ಯಾಗ. ವೈನ್ ಮಾಡೂ ದ್ರಾಕ್ಷಿ ಹಣ್ಣಾಗೂವಾಗ ಅದರೊಳಗಿನ ಜೀನುಗಳು ಏನ ಮಾಡ್ತಾವ ಅಂತ ನೋಡೂದು ನಮ್ಮ ಕಸಬು. ಮದುವಿ ಮನಿ ಇದ್ದಂಗ ಅದು, ಎಲ್ಲಾರೂ ಒಮ್ಮೆಲೆ ಕೆಲಸ ಮಾಡೂದಿಲ್ಲ. ಕಾಯಿ ಹಸರಿದ್ದಾಗ ಹುಳಿ ತಯಾರ ಮಾಡೂ ಜೀನುಗಳ ಗದ್ದಲ. ಬಣ್ಣ ತಿರುಗೂ ಹೊತ್ತಿಗೆ ಅವು ಸುಮ್ಮಾಗ್ತಾವ, ಸಕ್ಕರಿಯವು, ಬಣ್ಣದವು ಎದ್ದು ಕೆಲಸಕ್ಕ ಹತ್ತತಾವ. ಯಾವುದು ಎಚ್ಚರೈತಿ, ಯಾವುದು ಮಲಗೇತಿ ಅನ್ನೂದು ಕಣ್ಣಿಗೆ ಕಾಣೂದಲ್ಲ. ಹಣ್ಣು ಕಿತ್ತ ಕೂಡ್ಲೆ ಅಲ್ಲೇ ತೋಟದಾಗ ದ್ರವ ಸಾರಜನಕದಾಗ ಅದ್ದಿ, ಕಲ್ಲಾಗಿಸಿ ತರಬೇಕು. ಆಗ ಮಷೀನು ಹೇಳ್ತೈತಿ. ಸ್ವಲ್ಪ ತಡ ಆತು, ಇಲ್ಲಾ ತಂಪು ಹೋತು ಅಂದ್ರ ಒಳಗಿನ ಸುದ್ದಿ ಎಲ್ಲಾ ಅಳಸಿ ಹೋಗ್ತೈತಿ.

ನಮ್ಮ ಸರ್ ಅವರದು ಒಂದ ಪ್ರಶ್ನಿ ಇತ್ತು. ನಮ್ಮ ಕಡೆ ಈ ಬಿಸಲಿನ್ಯಾಗ ಬಣ್ಣದ ಜೀನು ಕಡೀತನಕ ಎಚ್ಚರ ಇರ್ತದೋ, ನಡುವ ನಿದ್ದಿ ಹೊಡೀತದೋ? ಅವರ ಅರ್ಧ ಆಯುಷ್ಯ ಇದರಾಗ ಹೋಗಿತ್ತು. ಹಸರ ಕಾಯಿ, ಬಣ್ಣ ತಿರುಗೂ ಕಾಯಿ, ಅರ್ಧ ಹಣ್ಣು, ಎಲ್ಲಾ ಸಿಕ್ಕಿದ್ವು. ಪೂರಾ ಹಣ್ಣಾದದ್ದೊಂದು ಸಿಕ್ಕಿರಲಿಲ್ಲ. "ಗ್ರಾಫಿನ ಮ್ಯಾಲೆ ಆ ಕಡೀ ಚುಕ್ಕಿ ಒಂದು ಇಟ್ಟು ರಿಟೈರ್ ಆಗ್ತೇನವಾ, ಮತ್ತೇನೂ ಬ್ಯಾಡ" ಅಂತಿದ್ರು. ಅವರ ನೌಕರಿ ಉಳದದ್ದು ಮೂರ ಹಂಗಾಮು.

ಓಣಿಯ ಮಾಸ್ತರು

ನಮ್ಮ ಓಣ್ಯಾಗ ಒಬ್ರು ರಿಟೈರ್ಡ್ ಮಾಸ್ತರ ಅದಾರ. ದಿನಾ ಮುಂಜಾನೆ ನಾ ಬಸ್ಸಿಗೆ ಹೊಂಟಾಗ ಕಟ್ಟಿ ಮ್ಯಾಲೆ ಪೇಪರ್ ಹಿಡ್ಕೊಂಡು ಕುಂತಿರ್ತಾರ. ಒಂದಿನ ಕರದು ಕೇಳಿದ್ರು.

"ಏನ ತಂಗಿ, ಧಾರವಾಡದಾಗ ಏನ ಕೆಲಸ ನಿಂದು?"

ನಾನು ಹಿಗ್ಗಿ, ಜೀನು, ಹುಳಿ, ಸಕ್ಕರಿ, ಬಣ್ಣ ಅಂತ ಎಲ್ಲಾ ಬಿಡಿಸಿ ಹೇಳಿದೆ. ಬಸ್ಸೂ ತಪ್ಪಿಸಿಕೊಂಡೆ. ಅವರಿಗೆ ಕೇಳಿಸಿದ್ದು ಒಂದ ಶಬ್ದ, ವೈನು.

ಮರುದಿನದಿಂದ ಶುರು ಆತು ನೋಡ್ರಿ. ನಾ ಹಾದು ಹೋಗೂವಾಗ ಬಾಜೂದವರಿಗೆ ಕೇಳೂವಂಗ, "ಸರಕಾರ ಓದಿಸಿ ಬರಸಿ ಪಗಾರ ಕೊಡೂದು, ಹೆಣ್ಣಮಕ್ಕಳು ಹೋಗಿ ಶೆರೆ ಕಾಸೂದು. ಕಲಿಗಾಲ!" ನಮ್ಮವ್ವ ನೀರು ತುಂಬಾಕ ಹೋದಾಗ ಸುತ್ತಲಿನ ಹೆಣ್ಣಮಕ್ಕಳು ಗಪ್ಪಾಗೂದು. ಮಗಳು ಡಾಕ್ಟರೇಟ್ ಮಾಡ್ಯಾಳ ಅಂತ ಓಣಿ ತುಂಬ ಪೇಢೆ ಹಂಚಿದಾಕಿ ನಮ್ಮವ್ವ. 

ಶ್ರಾವಣ ಮಾಸ ಮುಗದ ಮರುವಾರ ಮಾಸ್ತರು ಗೇಟಿನ ಹಂತ್ಯಾಕ ಬಂದು, ಆ ಕಡೆ ಈ ಕಡೆ ನೋಡಿ, ದನಿ ಇಳಿಸಿ ಅಂದ್ರು, "ತಂಗಿ, ಸ್ವಲ್ಪ ಸ್ವಲ್ಪ ತಗೊಂಡ್ರ ಎದಿಗೆ ಛಲೋ ಅಂತಾರಲ್ಲಾ, ಖರೇ ಏನು? ನಿಮ್ಮಲ್ಲೆ ಹಂಗ ಒಂದು ಸಣ್ಣ ಬಾಟ್ಲಿ…"

"ಮಾಸ್ತರ, ನಾವು ವೈನ್ ಮಾಡೂದಿಲ್ರಿ. ದ್ರಾಕ್ಷಿ ಹೆಪ್ಪುಗಟ್ಟಿಸಿ, ಕುಟ್ಟಿ ಪುಡಿ ಮಾಡಿ, ಪರೀಕ್ಷಾ ಮಾಡಿ ಚೆಲ್ಲತೇವಿ."

"ಚೆಲ್ಲತೀರಿ?"

"ಹೂಂನ್ರಿ."

ಮಾಸ್ತರು ನನ್ನ ಅಡಿಯಿಂದ ಮುಡಿತನಕ ನೋಡಿದ್ರು. "ಥೂ! ಹಂಗಾರ ಮಾನಾ ಕಳಕೊಂಡು ನೀ ಮಾಡೂದರ ಏನು?"

ಎಮ್ಮಿ

ಧಾರವಾಡದ ಆಚೆ ಗೌಡ್ರೊಬ್ಬರ ತೋಟದಾಗ ಒಂದು ಸಾಲು ವೈನ್ ದ್ರಾಕ್ಷಿ ನಮ್ಮ ಸಲುವಾಗಿ ಹಚ್ಚಿದ್ರು. ಮೊದಲನೇ ಹಂಗಾಮಿನ ಹಣ್ಣು ಅಗದೀ ಹದಕ್ಕ ಬಂದಿತ್ತು. ಸಾರಜನಕದ ಕ್ಯಾನ್ ಜೀಪಿನ್ಯಾಗ ಇಟ್ಕೊಂಡು ನಾ ಹೋದೆ.

ಈಗ ಆ ಕ್ಯಾನಿನ ಬಗ್ಗೆ ಹೇಳಬೇಕು. ದಪ್ಪ ಹೊಟ್ಟಿ, ಸಣ್ಣ ಕುತಿಗಿ, ಮುಚ್ಚಳಾ ತೆಗದ್ರ ಬುಸ್ ಅಂತ ಬಿಳಿ ಹೊಗಿ. ಊರಾಗ ದನದ ಡಾಕ್ಟರು ಎಮ್ಮಿಗೆ ಸೂಜಿ ಹಾಕಾಕ ಬರೂವಾಗ ತರೂದು ಇಂಥಾದ ಕ್ಯಾನು. ಕೋಣದ ಬೀಜ ಅದರಾಗ ತಂಪಿಟ್ಟಿರ್ತಾರ. ಇದು ನನ್ನ ತಲಿಗೆ ಹೊಳದಿರಲಿಲ್ಲ. ಊರವರಿಗೆ ಮಾತ್ರ ಜೀಪು ನಿಂತ ಕೂಡ್ಲೆ ಹೊಳೀತು.

ಒಬ್ಬ ಅಜ್ಜಾರು ಎಮ್ಮಿ ಹಗ್ಗಾ ಹಿಡ್ಕೊಂಡು ಲಗೂಲಗೂ ಬಂದ್ರು. "ಬರ್ರಿ ಡಾಕ್ಟರ್ ಬಾಯಾರ, ದೇವ್ರ ಬಂದಂಗ ಬಂದ್ರಿ! ನಿನ್ನಿಯಿಂದ ಬೆದಿಗೆ ಬಂದು ಒದರಾಕತ್ತೈತ್ರಿ."

"ಅಜ್ಜಾ, ನಾ ದನದ ಡಾಕ್ಟರ್ ಅಲ್ರಿ. ದ್ರಾಕ್ಷಿ ಡಾಕ್ಟರ್."

"ದ್ರಾಕ್ಷಿಗೂ ಸೂಜಿ ಬಂದಾವೇನ್ರಿ ಈಗ? ಇರ್ಲಿ, ಮೊದಲ ಎಮ್ಮಿ ನೋಡ್ರಿ. ದ್ರಾಕ್ಷಿ ಏನು ಒದರತೈತೇನು?"

ನಾನು ಕತ್ತರಿ, ಕೈಚೀಲ ತಗೊಳ್ಳಾಕ ಜೀಪಿನ ಮುಂದಿನ ಕಡೆ ಹೋಗಿದ್ದೆ. ಅಷ್ಟರಾಗ ಅಜ್ಜಾರು, ಪಾಪ, ಹೆಣ್ಣಮಗಳು ನಾಚಿಕೊಳ್ಳಾಕತ್ತಾಳ ಅಂತ ತಿಳಕೊಂಡು, ತಾವ ಕ್ಯಾನ್ ಇಳಿಸಿ ಮುಚ್ಚಳಾ ತೆಗದು ಒಳಗ ಬೀಜದ ಕಡ್ಡಿ ಹುಡುಕಾಕ ಬಗ್ಗಿದ್ರು. ಹೊಗಿ ಬುಸ್ ಅಂತ ಎದ್ದಿತು. ಅಜ್ಜಾರು ಹೌಹಾರಿ ಹಿಂದ ಸರದ್ರು, ಕ್ಯಾನು ಅಡ್ಡ ಬಿತ್ತು, ನೆಲದ ತುಂಬ ಹೊಗಿ ಹರೀತು. ಎಮ್ಮಿ ಒಮ್ಮೆ ನೋಡಿತು, ಬಾಲಾ ಎತ್ತಿತು, ಹಗ್ಗಾ ಕಿತ್ಕೊಂಡು ಓಡಿತು. ಎಲ್ಲೆ? ನಮ್ಮ ಸಾಲಿನೊಳಗ. ಕಂಬಾ ಬಿದ್ದು, ತಂತಿ ಹರದು, ಬಳ್ಳಿ ಎಲ್ಲಾ ನೆಲಕ್ಕ. ಬಿದ್ದ ಗೊನಿ ಕೈಯಾಗ ಹಿಡ್ಕೊಂಡು ನಾ ಬದುವಿನ ಮ್ಯಾಲೆ ಕುಂತೆ. ಅದ್ದಾಕ ಕ್ಯಾನಿನ್ಯಾಗ ಒಂದು ಹನಿ ಉಳದಿರಲಿಲ್ಲ. ಅಜ್ಜಾರು ಪುಣ್ಯಕ್ಕ ಆ ತಂಪಿಗೆ ಕೈ ಸುಟ್ಕೊಂಡಿರಲಿಲ್ಲ, ಅದೊಂದ ಸಮಾಧಾನ.

ಮುಂದಿನ ಹಂಗಾಮಿಗೆ ಮತ್ತ ಹೋದಾಗ ಅಜ್ಜಾರು ದಾರ್ಯಾಗ ಕಾಯ್ಕೋತ ನಿಂತಿದ್ರು, ಕೈಯಾಗ ಒಂದು ಡಬ್ಬಿ. "ಎಮ್ಮಿ ಈದೈತ್ರಿ ಬಾಯಾರ, ಗಿಣ್ಣ ತಗೋರಿ. ಅವತ್ತ ಓಡಿ ಹೋದದ್ದು ಎರಡ ದಿನ ಬಿಟ್ಟ ಮನಿಗೆ ಬಂತು, ಆದ್ರ ನಿಮ್ಮ ಹೊಗಿ ಬಾಳ ಛಲೋ ಐತ್ರಿ. ಸೂಜಿನೂ ಬೇಕಾಗಲಿಲ್ಲ ನೋಡ್ರಿ!"

ಡಬ್ಬಿ ತಂದು ಸರ್ ಮುಂದ ಇಟ್ಟು ಎಲ್ಲಾ ಹೇಳಿದೆ. ಸರ್ ಒಂದು ತುಂಡು ಬಾಯಿಗೆ ಹಾಕ್ಕೊಂಡು ಕಣ್ಣ ಮುಚ್ಚಿದ್ರು. "ತಿನ್ನವಾ. ನಮ್ಮ ಸಂಶೋಧನಾದಾಗ ಇಲ್ಲೀತನಕ ಬಂದ ಫಲ ಅಂದ್ರ ಇದೊಂದ."

ಕೆಂಪು ದಾರ

ಎರಡನೇ ಹಂಗಾಮಿಗೆ ನಾ ಶಾಣ್ಯಾಕಿ ಆಗಿದ್ದೆ. ಕ್ಯಾನಿಗೆ ಚೀಲಾ ಹೊಲಿಸಿ ಮುಚ್ಚಿದ್ದೆ. ಬಳ್ಳಿ ಎಬ್ಬಿಸಿ ಕಟ್ಟಿಸಿದ್ದೆ.

ಈ ಕೆಲಸದಾಗ ಒಂದು ಪದ್ಧತಿ ಐತಿ. ಒಂದೇ ದಿನ ಹೂ ಬಿಟ್ಟ ಗೊನಿಗಳಿಗೆ ಗುರುತು ಮಾಡಬೇಕು, ಕಡೀತನಕ ಅವನ್ನ ಕೊಯ್ದು ನೋಡಬೇಕು. ಬ್ಯಾರೆ ಗೊನಿ ಕೊಯ್ದ್ರ ವಯಸ್ಸು ಹೊಂದೂದಿಲ್ಲ, ಲೆಕ್ಕಾ ತಪ್ಪತೈತಿ. ಪ್ಲಾಸ್ಟಿಕ್ ಪಟ್ಟಿ ಬಿಸಲಿಗೆ ಹರದು ಬೀಳತಾವ ಅಂತ ನಾನು ಕೆಂಪು ಉಣ್ಣಿ ದಾರ ಕಟ್ಟಿದ್ದೆ. ಎಷ್ಟ ಛಂದ ಎದ್ದು ಕಾಣತಿತ್ತು ಅಂತೀರಿ! ಹಸರ ಎಲಿ ನಡುವ ಕೆಂಪು.

ಆ ಸಾಲಿನ ಬಾಜೂಕ ಅಮ್ಮನ ಗುಡಿಗೆ ಹೋಗೂ ಕಾಲುದಾರಿ. ಮಂಗಳವಾರ, ಶುಕ್ರವಾರ ಹೆಣ್ಣಮಕ್ಕಳು ಆರತಿ ತಟ್ಟಿ ಹಿಡ್ಕೊಂಡು ಹೋಗೂದು ಬರೂದು.

ಹಣ್ಣು ಕೊಯ್ಯಾಕ ಹೋದ ದಿನ ನನಗ ತೋಟ ತಪ್ಪಿತೇನೋ ಅನಿಸ್ತು. ಸಾಲಿನ ತುಂಬ ಕೆಂಪು ದಾರ! ಒಂದ ಗೊನಿ ಬಿಟ್ಟಿಲ್ಲ. ಕೆಲವಕ್ಕ ಹಸರ ಬಳಿ ತೂಗ ಹಾಕ್ಯಾರ, ಕೆಲವಕ್ಕ ಅರಿಷಿಣ ಕುಂಕುಮ ಹಚ್ಯಾರ. ಬುಡಕ್ಕ ಊದಿನಕಡ್ಡಿ. ನನ್ನ ದಾರ ಯಾವುದು, ಊರಿನ ದಾರ ಯಾವುದು, ಆ ಅಮ್ಮಗ ಗೊತ್ತು.

ಗೌಡ್ರ ಹೆಂಡ್ತಿ ಸಮಾಧಾನದಿಂದ ತಿಳಿಸಿ ಹೇಳಿದ್ರು. "ಅಷ್ಟ ಓದಿದ ಬಾಯಾರು ಧಾರವಾಡದಿಂದ ಬಂದು, ಗೊನಿಗೆ ದಾರ ಕಟ್ಟಿ, ಕಣ್ಣ ಮುಚ್ಚಿ ಏನೋ ಮಣಮಣ ಅಂದು ಹೋದ್ರು ಅಂದ್ರ ಸುಮ್ಮನ ಇರ್ತೈತೇನ್ರಿ? ಶಕ್ತಿ ಇರೂ ಬಳ್ಳಿ ಅಂತ ಮಂದಿ ಹರಕಿ ಹೊತ್ರು."

ಮಣಮಣ ಅಂದದ್ದು ಖರೇ. ಕಟ್ಟಿದ ದಾರಾ ಎಣಸ್ತಿದ್ದೆ.

ಆತಲ್ಲ, ಸಿಕ್ಕಷ್ಟು ಕೊಯ್ಯೂಣು ಅಂತ ಕತ್ತರಿ ತಗದೆ. ಗುಡಿಯಿಂದ ಬರೂ ಹೆಣ್ಣಮಗಳು ಓಡಿ ಬಂದು ಕೈ ಹಿಡದಳು. "ಯವ್ವಾ, ಅದು ನಂದ್ರಿ! ಮಗಳ ಲಗ್ನ ಇನ್ನೂ ಕೂಡಿ ಬಂದಿಲ್ಲ, ಕೊಯ್ಯಬ್ಯಾಡ್ರಿ." ಇನ್ನೊಂದಕ್ಕ ಹೋದ್ರ, "ಅದು ನಮ್ಮ ಅತ್ತಿದು, ಮೊಣಕಾಲ ನೋವು ಇನ್ನೂ ಹೋಗಿಲ್ರಿ." ಹರಕಿ ತೀರೂತನಕ ಗೊನಿ ಕೊಯ್ಯೂವಂಗಿಲ್ಲ. ಒಬ್ಬಾಕಿ ತಾ ಕಟ್ಟಿದ ಗೊನಿ ಎರಡೂ ಕೈಯಾಗ ಹಿಡ್ಕೊಂಡು ನಿಂತಿದ್ಲು. ಲಗ್ನಾಗಿ ಬಾಳ ವರ್ಷ ಆಗೇತಿ, ಮಕ್ಕಳಿಲ್ಲ ಅಂತ ಗೌಡ್ರ ಹೆಂಡ್ತಿ ಕಣ್ಣಸನ್ನಿ ಮಾಡಿದ್ರು. ನನಗ ಕತ್ತರಿ ಎತ್ತಾಕ ಕೈ ಬರಲಿಲ್ಲ. ನಮ್ಮ ಜೀನಿಗಿಂತ ಆಕಿದು ದೊಡ್ಡ ಪ್ರಶ್ನಿ ಅನಿಸ್ತು. ಹಣ್ಣು ಬಳ್ಳ್ಯಾಗ ಒಣಗಿ ಮನೂಕ ಆದ್ವು.

ಹೊಂಟಾಗ ಮಗಳ ಲಗ್ನದಾಕಿ ಕೇಳಿದಳು. "ಸಿಟ್ಟಾಗಬ್ಯಾಡ್ರಿ ಬಾಯಾರ. ಮೊದಲ ಕಟ್ಟಿದವ್ರು ನೀವು. ನೀವ ಏನ ಬೇಡ್ಕೊಂಡಿದ್ರಿ?"

"ಈ ಹಣ್ಣು ನನ್ನ ಕೈಗೆ ಸಿಗಲಿ ಅಂತ."

ಆಕಿ ಮರುಕದಿಂದ ನನ್ನ ಬೆನ್ನ ಸವರಿದಳು. ಸೆರಗಿನ ಗಂಟ ಬಿಚ್ಚಿ ಒಂದು ಎಳಿ ದಾರ ಕೊಟ್ಟಳು. "ಇನ್ನೊಂದು ಕಟ್ಟಿ ಹೋಗ್ರಿ. ಒಮ್ಮೊಮ್ಮೆ ಒಂದಕ್ಕ ಆಗೂದಿಲ್ಲ."

ಸರ್ ಅವರ ಸಂಗೀತ

ಮೂರನೇದು ಕಡೀ ಹಂಗಾಮು. "ಈ ಸಲ ನಾನ ಕೂಡ್ತೇನವಾ" ಅಂದ್ರು ಸರ್. ಹಣ್ಣು ಹದಕ್ಕ ಬರೂ ವಾರ ದಿನಾ ಮುಂಜಾನೆ ಛತ್ರಿ, ಪ್ಲಾಸ್ಟಿಕ್ ಖುರ್ಚಿ, ಅವಲಕ್ಕಿ ಡಬ್ಬಿ ತಗೊಂಡು ತೋಟಕ್ಕ ಬಂದು ಸಾಲಿನ ಮುಂದ ಕಾವಲು ಕೂಡ್ತಿದ್ರು. ಎಮ್ಮಿ ಬರಲಿಲ್ಲ, ದಾರ ಬರಲಿಲ್ಲ. ಬಂದದ್ದು ಹಕ್ಕಿ, ಹಿಂಡ ಹಿಂಡ.

ತಟ್ಟಿ ಬಡದ್ರು, ಹಳೀ ಸೀರಿ ಕಟ್ಟಿದ್ರು. ಹಕ್ಕಿಗೆ ಏನೂ ಅನಿಸಲಿಲ್ಲ. ಸರ್ ಮನಿತನ ಮೊದಲಿಂದ ಸಂಗೀತದ್ದು. ಅವರಪ್ಪ ತಂಬೂರಿ ಹಿಡದು ಕುಂತ್ರ ಓಣಿ ನಿಂತು ಕೇಳತಿತ್ತಂತ. ಅದಕ್ಕ ಸರ್ ಮೊಬೈಲಿಗೆ ಸ್ಪೀಕರ್ ಜೋಡಿಸಿ ದೊಡ್ಡ ದೊಡ್ಡ ಗವಾಯಿಗಳ ಖಯಾಲು ಜೋರಾಗಿ ಹಚ್ಚಿದ್ರು. ಹಕ್ಕಿ ಹೋಗೂದು ದೂರುಳೀತು, ತಂತಿ ಮ್ಯಾಲೆ ಸಾಲಾಗಿ ಕುಂತು ಕೇಳಾಕತ್ತಿದ್ವು. ನಡುನಡುವ ಒಂದೊಂದು ದ್ರಾಕ್ಷಿ ತಿನ್ನೂವು.

ಮೂರನೇ ದಿನ ಮೊಬೈಲಿನ ಬ್ಯಾಟರಿ ತೀರಿತು. ಸರ್ ಗಂಟಲಾ ಸರಿ ಮಾಡ್ಕೊಂಡು ತಾವ ಆಲಾಪ ತಗದ್ರು. ಒಂದ ತಾನ ಹೊಡದಿದ್ದಿಲ್ಲ, ಭರ್ ಅಂತ ಎಲ್ಲಾ ಹಕ್ಕಿ ಎದ್ದು ಗುಡಿ ಕಡೆ ಹೋದ್ವು.

ಗೌಡ್ರು ಕೈಯಾಗಿನ ಕುಡಗೋಲು ಕೆಳಗಿಟ್ಟು ಬಂದ್ರು. "ಸರ್, ನಾಳೆಯಿಂದ ಮೊಬೈಲ್ ತರಬ್ಯಾಡ್ರಿ. ನೀವ ಹಾಡ್ರಿ. ನಮ್ಮ ಜ್ವಾಳದ ಹೊಲಕ್ಕೂ ಒಂದೀಟು ಬಂದ್ರ ಉಪಕಾರ ಆಗ್ತೈತಿ."

ಸರ್ ಹಾಡಿದ್ರು. ಹಣ್ಣು ಉಳೀತು.

ಶ್ರೀಖಂಡ

ಆ ಹಣ್ಣು ಕಿತ್ತ ಮುಂಜಾನೆ ನಾ ಮರಿಯಾಂಗಿಲ್ಲ. ಕಪ್ಪಗ, ಸಣ್ಣಗ, ಮ್ಯಾಲೆ ಬೂದಿ ಹಚ್ಚಿದಂಗ. ಸರ್ ತಾವ ಕೊಯ್ದು ತಾವ ಅದ್ದಿದ್ರು. ದ್ರಾಕ್ಷಿ ಟಣ್ ಅಂತ ಕಲ್ಲಾದ್ವು. ಚೀಲಕ್ಕ ಹಾಕಿ, ಲ್ಯಾಬಿಗೆ ತಂದು, ಡೀಪ್ ಫ್ರೀಜರಿನ್ಯಾಗ ಇಟ್ಟು ಬಾಗಲಾ ಹಾಕಿದ ಮ್ಯಾಲೆ ಸರ್ ಆ ಬಾಗಲಕ್ಕ ಕೈ ಮುಗದ್ರು. ಒಂದ ಕೊರತಿ, ಪರೀಕ್ಷಾಕ್ಕ ಬೇಕಾದ ರಸಾಯನ ಬಂದಿರಲಿಲ್ಲ. "ಇವತ್ತ ಬರ್ತದ, ನಾಳೆ ಬರ್ತದ" ಅನ್ಕೋತ ಸರ್ ಅವರ ಕಡೀ ದಿನಾನ ಬಂತು.

"ಏನ ಮಾಡೂದವಾ. ರಿಟೈರ್ ಆದ್ರೇನು, ಬಂದು ಬಾಜೂಕ ಕೂಡ್ತೇನಿ. ಮಷೀನು ಕಣ್ಣಮುಂದ ಚುಕ್ಕಿ ಹಾಕಿದ್ರ ಸಾಕು" ಅಂದ್ರು.

ಬೀಳ್ಕೊಡೂ ಕಾರ್ಯಕ್ರಮಕ್ಕ ಸರ್ ಅವರ ಹೆಂಡ್ತಿ, ನಾವೆಲ್ಲಾ ಕಾಕೂ ಅಂತೇವಿ, ಮನ್ಯಾಗ ಶ್ರೀಖಂಡ ಮಾಡ್ಕೊಂಡು ದೊಡ್ಡ ಡಬ್ಬಿ ಹೊತ್ಕೊಂಡು ಮುಂಚೇನ ಬಂದಿದ್ರು. "ಇಷ್ಟ ವರ್ಷ ಇವರನ್ನ ಸಂಭಾಳಿಸೀರಿ, ನಿಮ್ಮ ಬಾಯಿ ನಾ ಸಿಹಿ ಮಾಡಬೇಕು" ಅಂದ್ರು. ನಾವು ಕೆಳಗ ಖುರ್ಚಿ ಹಾಕಾಕತ್ತಿದ್ವಿ. ಅವರು ಮ್ಯಾಲೆ ಲ್ಯಾಬಿನ್ಯಾಗ ಒಬ್ರ ಇದ್ರು.

ಶಾಲು ಆತು, ಹಾರ ಆತು, ಭಾಷಣ ಆತು. ಸರ್ ಕೈಗೆ ಮೊದಲನೇ ಬಟ್ಟಲಾ ಬಂತು. ಕೇಸರಿ ಬಣ್ಣದ ಶ್ರೀಖಂಡ, ಮ್ಯಾಲೆ ಕರೀ ದ್ರಾಕ್ಷಿ, ಸುತ್ತ ನೇರಳೆ ಬಣ್ಣ ಇಳದೈತಿ. ಭಾರಿ ಛಂದ ಕಾಣತಿತ್ತು. ಸರ್ ಒಂದು ಚಮಚಾ ಬಾಯಿಗಿಟ್ಟು ಕರಂ ಅಂತ ಕಡದ್ರು, ಹಂಗ ನಿಂತಬಿಟ್ರು. ಬಾಯಾಗಿಂದ ಒಂದು ಬೀಜ ತಗದು ಅಂಗೈ ಮ್ಯಾಲೆ ಇಟ್ಕೊಂಡು, ಚಷ್ಮಾ ಮ್ಯಾಲೆ ಸರಿಸಿ ನೋಡಿದ್ರು. ಹುಬ್ಬಳ್ಳಿ ಬಜಾರದಾಗ ಸಿಗೂ ತಿನ್ನೂ ದ್ರಾಕ್ಷ್ಯಾಗ ಈಗ ಬೀಜ ಎಲ್ಲೈತಿ? ಬೀಜ ಇರೂದು ನಮ್ಮ ವೈನ್ ದ್ರಾಕ್ಷ್ಯಾಗ.

ನಾನು ಮ್ಯಾಲೆ ಓಡಿದೆ. ಫ್ರೀಜರ್ ತಗದೆ. ನಮ್ಮ ಚೀಲದ ಜಾಗಾ ಖಾಲಿ. ಸಿಂಕಿನ ಬಾಜೂಕ ಒಂದು ಬುಟ್ಟಿ, ಅದರಾಗ ತೊಳದು ಉಳದ ತೊಟ್ಟು. ಕೆಳಗ ಬಂದೆ. ನನ್ನ ಮಾರಿ ನೋಡಿದ ಸರ್ ಅವರಿಗೆ ಹೇಳೂದು ಬೇಕಾಗಲಿಲ್ಲ. ಅಲ್ಲೇ ಕಂಬಕ್ಕ ಆನಿಕೊಂಡು ನಿಂತು ನಾ ಅತ್ತಬಿಟ್ಟೆ. ಎಲ್ಲಾರೂ ಸರ್ ಹೊಂಟ್ರಲ್ಲಾ ಅಂತ ಅಳಾಕತ್ತಾಳ ಅನ್ಕೊಂಡ್ರು. ಒಬ್ರು ರುಮಾಲು ಕೊಟ್ರು.

ಸರ್ ಮೆಲ್ಲಕ ಕೇಳಿದ್ರು. "ಈ ದ್ರಾಕ್ಷಿ ಎಲ್ಲಿಂದ ಬಂದ್ವು?"

"ನಿಮ್ಮ ಫ್ರೀಜರಿನಿಂದ" ಅಂದ್ರು ಕಾಕೂ, ಹೆಮ್ಮಿಯಿಂದ. "ಶ್ರೀಖಂಡ ತಂಪಿಡೋಣು ಅಂತ ಬಾಗಲಾ ತಗದೆ. ಆಮ್ಯಾಲೆ ನೋಡಿದೆ, ನಿಮ್ಮ ಕೈಲೆ ಬರದ ಬೋರ್ಡು, 'ಇದರೊಳಗೆ ತಿನ್ನುವ ಪದಾರ್ಥ ಇಡಬಾರದು' ಅಂತ. ನಾ ಇಡಲಿಲ್ಲ ಬಿಡ್ರಿ. ಆದ್ರ ಒಳಗ ಯಾರೋ ದ್ರಾಕ್ಷಿ ಇಟ್ಟಬಿಟ್ಟಾರ! ನಿಮ್ಮ ಕಡೀ ದಿನ ಯಾರರ ನೋಡಿ ನಿಮ್ಮ ಮ್ಯಾಲೆ ಬರಬಾರದಂತ ನಾನ ತಗದೆ. ಕಲ್ಲ ಆಗಿದ್ವು, ನೀರಾಗ ಹಾಕಿ ಬಿಡಿಸಿದೆ. ಮನೂಕ ತರೂದು ಮರತಿದ್ದೆ, ಛಲೋನ ಆತು. ಅಲ್ರಿ, ಜನ್ಮಾ ಎಲ್ಲಾ ದ್ರಾಕ್ಷಿ ದ್ರಾಕ್ಷಿ ಅಂದ್ರಿ, ಮನಿಗೆ ಒಂದ ಗೊನಿ ತರಲಿಲ್ಲ. ಯಾಕ, ಛಲೋ ಆಗಿಲ್ಲೇನು?"

ಇನ್ನೊಂದು ಹಂಗಾಮಿರಲಿಲ್ಲ. ಪ್ರೋಜೆಕ್ಟೂ ಸರ್ ಜೋಡೀನ ಮುಗೀತಿತ್ತು. ಗೌಡ್ರು ಆ ಸಾಲು ಕಿತ್ತು ಪೇರಲ ಹಚ್ಚಾಕ ಕುಣಿ ತಗಸಿದ್ರು. ಬಣ್ಣದ ಜೀನು ಕಡೀತನಕ ಎಚ್ಚರಿತ್ತೋ, ಮಲಗಿತ್ತೋ, ಆ ಸುದ್ದಿ ನೀರಾಗಿ ಸಿಂಕಿನ್ಯಾಗ ಹರದು ಹೋಗಿತ್ತು. ಕಡೀ ಚುಕ್ಕಿ ಇಲ್ಲದ ಆ ಗ್ರಾಫು ಇವತ್ತಿಗೂ ನನ್ನ ಟೇಬಲ್ ಮ್ಯಾಲೈತಿ. 

ಅವತ್ತ ಸರ್ ಕೈಯಾಗಿನ ಬಟ್ಟಲಾ ಒಮ್ಮೆ ನೋಡಿದ್ರು. ಆಮ್ಯಾಲೆ ಅಂಗೈ ಮ್ಯಾಲಿನ ಬೀಜ ಕಿಸೆಕ್ಕ ಹಾಕ್ಕೊಂಡು, "ಅಗದೀ ಛಲೋ ಆಗ್ಯದ. ಇನ್ನೊಂದೀಟು ಹಾಕು" ಅಂದ್ರು. ಕಾಕೂ ಮಾರಿ ಅರಳಿತು. ಸರ್ ನನ್ನ ಕಡೆ ತಿರುಗಿ ಬಾಯಿ ಮ್ಯಾಲೆ ಬೆರಳಿಟ್ರು. ಆಕಿಗೆ ಹೇಳಬ್ಯಾಡ ಅಂತ.

ಜೀಪು ಬಂತು. ಹಾರ ಕೊರಳಾಗಿಟ್ಕೊಂಡ ಸರ್ ಮುಂದ ಕುಂತ್ರು. ಕಾಕೂ ಹತ್ತೂವಾಗ ನನ್ನ ಕೈ ಹಿಡ್ಕೊಂಡು ಕೇಳಿದ್ರು, "ಖರೇ ಹೇಳವಾ, ಆ ದ್ರಾಕ್ಷಿ ಎಲ್ಲೆ ಸಿಗ್ತಾವ? ಇವರಿಗೆ ಬಾಳ ಸೇರಿದ್ವು. ಇನ್ನ ಮನ್ಯಾಗ ಇರ್ತಾರಲ್ಲಾ, ವಾರಕ್ಕೊಮ್ಮೆ ತರಸ್ತೇನಿ."

 ಜೀಪಿನ್ಯಾಗಿಂದ ಸರ್ ಅಂದ್ರು, "ಸಿಗೂದಿಲ್ಲ, ಜೀಪ ಹತ್ತು ಮಾರಾಯ್ತಿ. ನಾ ಅದನ್ನ ಹುಡುಕ್ಕೋತನ ರಿಟೈರ್ ಆದೆ."